ಸಾಕೆಟ್ಟಿನ ಮೂರನೇ ತೂತು

ಮುಂಬಯಿ ಸುತ್ತಮುತ್ತ ನಮ್ಮವರ ಮನೆಗಳಿಗೆ ಹೋದಾಗ ಈಚೆಗೆ ಒಂದು ಬದಲಾವಣೆ ಕಾಣುತ್ತದೆ. ಹಾಲ್ ಅದೇ ಹಳೆಯದು, ಸೋಫಾ ಅದೇ, ಊರ ದೇವಸ್ಥಾನದ ಕ್ಯಾಲೆಂಡರೂ ಅದೇ ಮೊಳೆಯಲ್ಲಿ. ಅಡುಗೆಮನೆ ಮಾತ್ರ ಹೊಸದು. ಚಿಮಣಿ, ನಾಲ್ಕು ಬರ್ನರಿನ ಹಾಬ್, ಅದರ ಪಕ್ಕದ ಎತ್ತರದ ಕಪಾಟಿನಲ್ಲಿ ಎದೆಮಟ್ಟಕ್ಕೆ ಕೂರಿಸಿದ ಕಪ್ಪು ಗಾಜಿನ ಓವನ್. ನೋಡಲು ಚಂದ. ಬಗ್ಗದೆ ಬೇಯಿಸಬಹುದು. ಆದರೆ ಆ ಕಪ್ಪು ಗಾಜಿನ ಹಿಂದೆ ಗೋಡೆಯೊಳಗೆ ಏನಿದೆ ಎಂದು ಕೇಳಿದವರು ಕಡಿಮೆ. ನಮ್ಮ ಮನೆಯಲ್ಲಿ ಆ ಪ್ರಶ್ನೆಗೆ ಉತ್ತರ ಸಿಗುವ ಹೊತ್ತಿಗೆ ಎರಡು ತಿಂಗಳು ಹೋದವು, ಕಟ್ಟಡದ ಹದಿನಾರು ಮನೆಗಳೂ ಮಾತಿಗೆ ಬಂದವು.

ನಮ್ಮದು ಡೊಂಬಿವಲಿ ಪೂರ್ವದಲ್ಲಿ 1988ರಲ್ಲಿ ಕಟ್ಟಿದ ನಾಲ್ಕು ಮಾಳಿಗೆಯ ಸೊಸೈಟಿ. ಲಿಫ್ಟ್ ಇಲ್ಲ. 1996ರಲ್ಲಿ ನಾವು ಫ್ಲ್ಯಾಟ್ ಕೊಂಡಾಗ ಮನೆಯಲ್ಲಿದ್ದ ವಿದ್ಯುತ್ ಸಾಮಾನುಗಳೆಂದರೆ ನಾಲ್ಕು ಟ್ಯೂಬ್‌ಲೈಟು, ಮೂರು ಫ್ಯಾನು, ಒಂದು ಫ್ರಿಜ್ಜು, ಮಿಕ್ಸರು, ಇಸ್ತ್ರಿಪೆಟ್ಟಿಗೆ. ಆ ಕಾಲದ ಲೆಕ್ಕಕ್ಕೆ ಎಳೆದ ತಂತಿಗಳು ಅವು. ಆಮೇಲೆ ಗೀಸರು ಬಂತು, ಎಸಿ ಬಂತು, ವಾಷಿಂಗ್ ಮಶೀನು ಬಂತು. ಪ್ರತಿಯೊಂದು ಬಂದಾಗಲೂ ಸೊಸೈಟಿಯ ವಾಯರ್‌ಮನ್ ಬಂದು ಎಲ್ಲಿಂದಲೋ ಒಂದು ಕವಲು ತೆಗೆದು ಹೋಗುತ್ತಿದ್ದ. ಡೊಂಬಿವಲಿಯ ಮನೆಗಳ ಗೋಡೆಗಳೊಳಗೆ ಹೀಗೆ ಮೂವತ್ತು ವರ್ಷಗಳ ಕುಟುಂಬ ಚರಿತ್ರೆಯೇ ಇದೆ.

ಓವನ್ ಬೇಕೆಂದದ್ದು ಮಗಳು. ಮೊಟ್ಟೆ ಹಾಕದ ಕೇಕು, ನಾನ್‌ಖಟಾಯಿ ಮಾಡಿ ಸುತ್ತಮುತ್ತಲಿನ ಮನೆಗಳಿಗೆ ಆರ್ಡರಿನ ಮೇಲೆ ಕೊಡುತ್ತಾಳೆ. ಕಟ್ಟೆಯ ಮೇಲಿಟ್ಟಿದ್ದ ಸಣ್ಣ ಓವನ್ನಿನಲ್ಲಿ ಒಂದು ಸಲಕ್ಕೆ ಒಂದೇ ಕೇಕು. ತನ್ನ ದುಡಿಮೆಯ ಹಣದಲ್ಲೇ ದೊಡ್ಡದು ಕೊಂಡಳು. ಸಿರ್ಸಿ ಕಡೆಯ ಹಳ್ಳಿಯಿಂದ ಬಂದು ನಮ್ಮ ಜೊತೆಗಿರುವ ಆಯಿಗೆ ಈಗ ಎಂಬತ್ತೊಂದು. ಬಡಗಿ ಕಪಾಟಿನಲ್ಲಿ ಚೌಕ ಕೊರೆಯುತ್ತಿರುವುದನ್ನು ನೋಡಿ, “ತಮಾ, ಒಲೆ ಅಂದ್ರೆ ನೆಲದ ಮೇಲಿರ್ತು. ಇದೆಂತಕೆ ಗೋಡೆ ಹತ್ತಿದ್ದು?” ಅಂದಳು. ಆಯಿಯ ಅಭ್ಯಾಸ ಹೇಳಬೇಕು: ಅಡುಗೆಮನೆಯಲ್ಲಿ ಚಪ್ಪಲಿ ಹಾಕುವುದಿಲ್ಲ, ಸಿಂಕಿನಿಂದ ಕೈತೊಳೆದು ಒರೆಸಿಕೊಳ್ಳದೆ ಸಿಕ್ಕಿದ್ದನ್ನು ಮುಟ್ಟುತ್ತಾಳೆ, ನೆಲ ಸದಾ ಒದ್ದೆ. ಎಂಬತ್ತು ವರ್ಷದ ಮಡಿ ಅದು, ಬದಲಾಗುವುದಿಲ್ಲ. ಹಾಗಾಗಿ ಬದಲಾಗಬೇಕಾದದ್ದು ಗೋಡೆ.

ಓವನ್ನಿನ ಹಿಂಬದಿಗೆ ಅಂಟಿಸಿದ ಫಲಕದಲ್ಲಿ ಬರೆದಿತ್ತು: 230 ವೋಲ್ಟ್, 2900 ವ್ಯಾಟ್. ವ್ಯಾಟನ್ನು ವೋಲ್ಟಿನಿಂದ ಭಾಗಿಸಿದರೆ ಆಂಪಿಯರ್, ಅಂದರೆ 12.6. ಮಿಕ್ಸರ್, ಫ್ಯಾನು, ಮೊಬೈಲ್ ಚಾರ್ಜರಿಗೆ ಹಾಕುವ ಸಣ್ಣ ಸಾಕೆಟ್ಟು 6 ಆಂಪಿಯರಿನದು, ಇದಕ್ಕೆ ಸಾಲದು. ದಪ್ಪ ಪಿನ್ನುಗಳ 16 ಆಂಪಿಯರ್ ಸಾಕೆಟ್ಟೇ ಬೇಕು. ನಮ್ಮ ಅಡುಗೆಮನೆಯಲ್ಲಿ ಅಂಥದ್ದೊಂದು ಇತ್ತು, ಫ್ರಿಜ್ಜಿಗಾಗಿ. ಆದರೆ ಸಾಕೆಟ್ಟು ದೊಡ್ಡದಾದ ಮಾತ್ರಕ್ಕೆ ಅದರ ಹಿಂದಿನ ತಂತಿ ದಪ್ಪಗಿರಬೇಕೆಂದೇನಿಲ್ಲ. ಬಿಚ್ಚಿ ನೋಡಿದರೆ ಒಳಗೆ 1.5 ಚದರ ಮಿಲಿಮೀಟರಿನ ತಂತಿ, ಲೈಟಿಗೆ ಹಾಕುವಂಥದ್ದು. ಫ್ರಿಜ್ಜು ಅದರಲ್ಲಿ ನಡೆದೀತು. ಕೇಕು ಬೇಯುವಷ್ಟು ಹೊತ್ತು ಹನ್ನೆರಡು ಹದಿಮೂರು ಆಂಪಿಯರ್ ಎಳೆಯುವ ಓವನ್ನಿಗೆ, ಅದೂ ಹತ್ತಾರು ತಂತಿ ಒತ್ತೊತ್ತಾಗಿ ತುಂಬಿದ ಹಳೆಯ ಪೈಪಿನೊಳಗೆ, ಅದು ಬಿಸಿಯಾಗುತ್ತದೆ. ಮೇಲಿನ ಪಿವಿಸಿ ಹೊದಿಕೆ ನಿಧಾನವಾಗಿ ಒಣಗಿ ಬಿರಿಯುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ಅದೇ ಅಪಾಯ.

ಇಷ್ಟು ನಾನು ಮೊದಲೇ ಓದಿಕೊಂಡಿದ್ದೆ. ನಾನು ಎಲೆಕ್ಟ್ರಿಷಿಯನ್ ಅಲ್ಲ, ಬ್ಯಾಂಕಿನಲ್ಲಿ ಮೂವತ್ತೆರಡು ವರ್ಷ ಲೆಡ್ಜರು ನೋಡಿದವನು. ಆದರೆ ಎಲ್ಲೇ ಹೋದರೂ ಸಾಕೆಟ್ಟಿನ ಮೇಲಿನ ದಪ್ಪ ತೂತನ್ನು ನೋಡಿ “ಇದರಲ್ಲಿ ಅರ್ಥಿಂಗ್ ಇದೆಯಾ?” ಎಂದು ಕೇಳುವುದು ನನ್ನ ಹಳೆಯ ಚಾಳಿ. ಮನೆಯವರಿಗೆ ಅದು ತಮಾಷೆ. ಕಾರಣ ಅವರಿಗೂ ಗೊತ್ತು. 1994ರ ಮಾರ್ಚಿನಲ್ಲಿ ಊರಿನ ಅಡಿಕೆ ತೋಟಕ್ಕೆ ನೀರು ಬಿಡಲು ಹೋದ ಚಿಕ್ಕಪ್ಪ ಪಂಪ್‌ಸೆಟ್ಟಿನ ಸ್ಟಾರ್ಟರ್ ಪೆಟ್ಟಿಗೆಯನ್ನು ಮುಟ್ಟಿದವನು ಅಲ್ಲೇ ಬಿದ್ದ. ಬರಿಗಾಲು, ಕೆಳಗೆ ಒದ್ದೆ ಮಣ್ಣು. ಊರಲ್ಲಿ ಹಣೆಬರಹ ಅಂದರು. ಹದಿನೈದು ದಿನದ ಮೇಲೆ ಮೋಟಾರು ಬಿಚ್ಚಲು ಬಂದ ಮೆಕ್ಯಾನಿಕ್ಕು ಪೆಟ್ಟಿಗೆಯ ಕೆಳಗೆ ಹುಲ್ಲಿನಲ್ಲಿ ಬಿದ್ದಿದ್ದ ಒಂದು ತಂತಿಯನ್ನು ಎತ್ತಿ ತೋರಿಸಿದ. ಒಂದು ತುದಿ ನೆಲದಲ್ಲಿ ಹೂತಿತ್ತು. ಇನ್ನೊಂದು ತುದಿ ಯಾವುದಕ್ಕೂ ಕಟ್ಟಿರಲಿಲ್ಲ. ಒಂದು ನಟ್ಟು ಬಿಗಿ ಮಾಡುವ ಕೆಲಸ.

ಹಾಗಾಗಿ ಸೊಸೈಟಿಯ ವಾಯರ್‌ಮನ್ ಬಂದಾಗ ನನ್ನ ಮೊದಲ ಪ್ರಶ್ನೆ ಅದೇ ಆಗಿತ್ತು. ಅವನು ಸಾಕೆಟ್ಟಿಗೆ ಟೆಸ್ಟರ್ ಚುಚ್ಚಿ, ಕೆಂಪು ದೀಪ ಹತ್ತಿದ್ದನ್ನು ತೋರಿಸಿ, “ಲೈನ್ ಬರೋಬರ್ ಹೈ ಸಾಬ್” ಅಂದ. ಅರ್ಥಿಂಗ್? “ಕಿಸೀ ಕೆ ಘರ್ ಮೇ ನಹೀ ಹೈ. ಸಬ್ ಚಲ್ ರಹಾ ಹೈ.” ನಾನು ಸುಮ್ಮನಿರದಿದ್ದುದನ್ನು ನೋಡಿ ಉಪಾಯವನ್ನೂ ಹೇಳಿದ: ಸಾಕೆಟ್ಟಿನ ಹಿಂದೆಯೇ ನ್ಯೂಟ್ರಲ್ಲಿನಿಂದ ಮೂರನೇ ಪಿನ್ನಿಗೆ ಒಂದು ತುಂಡು ತಂತಿ ಹಾಕಿಬಿಡುತ್ತೇನೆ, ಯಾವ ಮೀಟರಿನಲ್ಲಿ ನೋಡಿದರೂ ಅರ್ಥಿಂಗ್ ಇದೆ ಎಂದೇ ತೋರಿಸುತ್ತದೆ.

ಇದು ನಮ್ಮ ಊರುಗಳಲ್ಲೂ, ಇಲ್ಲಿನ ಚಾಳು-ಸೊಸೈಟಿಗಳಲ್ಲೂ ಸಾವಿರ ಸಲ ನಡೆಯುವ ಕೆಲಸ. ಯಾಕೆ ಕೂಡದು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕರೆಂಟು ಫೇಸಿನಿಂದ ಬಂದು ಓವನ್ನಿನೊಳಗೆ ಸುತ್ತಿ ನ್ಯೂಟ್ರಲ್ಲಿನ ಮೂಲಕ ಹಿಂದಿರುಗುತ್ತದೆ. ಮೂರನೇ ತಂತಿ ಓವನ್ನಿನ ಲೋಹದ ಮೈಗೆ ಕಟ್ಟಿದ್ದು. ಎಲ್ಲ ಸರಿಯಿದ್ದಾಗ ಅದರಲ್ಲಿ ಏನೂ ಹರಿಯುವುದಿಲ್ಲ, ಒಳಗೆ ಏನಾದರೂ ಕೆಟ್ಟು ಮೈಗೆ ಕರೆಂಟು ಬಂದರೆ ಅದನ್ನು ನೆಲಕ್ಕೆ ಒಯ್ಯುವುದಷ್ಟೇ ಅದರ ಕೆಲಸ. ನ್ಯೂಟ್ರಲ್ಲನ್ನೂ ಅದನ್ನೂ ಸಾಕೆಟ್ಟಿನಲ್ಲೇ ಗಂಟು ಹಾಕಿದರೆ, ನಾಳೆ ಎಲ್ಲೋ ಮೀಟರ್ ಕೋಣೆಯಲ್ಲಿ ಅಥವಾ ಹಳೆಯ ಜೋಡಣೆಯೊಂದರಲ್ಲಿ ನ್ಯೂಟ್ರಲ್ ಕಡಿದಾಗ, ಹಿಂದಿರುಗಲು ದಾರಿ ಸಿಗದ 230 ವೋಲ್ಟು ಆ ತುಂಡು ತಂತಿಯ ಮೂಲಕ ನೇರ ಓವನ್ನಿನ ಮೈಗೆ ಬರುತ್ತದೆ. ಓವನ್ ಕೆಟ್ಟಿರಬೇಕಾಗಿಯೂ ಇಲ್ಲ. ಹೊಚ್ಚಹೊಸ ಓವನ್ನೇ ಸ್ಟಾರ್ಟರ್ ಪೆಟ್ಟಿಗೆಯಾಗುತ್ತದೆ. ಅರ್ಥಿಂಗ್ ಇಲ್ಲದಿರುವುದಕ್ಕಿಂತಲೂ ಇದು ಕೆಟ್ಟದ್ದು.

ವಾಯರ್‌ಮನ್ನನಿಗೆ ಚಹಾ ಕುಡಿಸಿ ಕಳಿಸಿದೆ. ಅವನ ಮೇಲೆ ಸಿಟ್ಟಿಲ್ಲ. ಐವತ್ತು ರೂಪಾಯಿಗೆ ಕೆಲಸ ಮುಗಿಸಿ ಎಂದು ನಾವೇ ಮೂವತ್ತು ವರ್ಷ ಅವನಿಗೆ ಕಲಿಸಿದ್ದೇವೆ.

ಮನೆಯ ವೈರಿಂಗಿಗೆ ಹೊಸ ಲೈನ್ ಸೇರಿಸುವಂಥ ಕೆಲಸ ಸರಕಾರದ ಪರವಾನಗಿ ಇರುವ ಎಲೆಕ್ಟ್ರಿಕಲ್ ಕಾಂಟ್ರಾಕ್ಟರರ ಮೂಲಕವೇ ಆಗಬೇಕೆಂದು ನಿಯಮವಿದೆ. ಹುಡುಕಿದಾಗ ಸ್ಟೇಷನ್ನಿನ ಹತ್ತಿರವೇ ಒಬ್ಬರು ಸಿಕ್ಕಿದರು, ಅರವತ್ತೈದು ದಾಟಿದ ಮರಾಠಿಗರು, ನಾವೆಲ್ಲ ಕಾಕಾ ಎಂದು ಕರೆದದ್ದು. ಬಂದವರು ಓವನ್ನಿನ ಕಡೆ ನೋಡಲೇ ಇಲ್ಲ. “ಆಧೀ ಅರ್ಥಿಂಗ್ ಬಘೂ” ಎಂದು ಚೀಲದಿಂದ ಮೀಟರ್ ತೆಗೆದರು. ಫೇಸಿಗೂ ನ್ಯೂಟ್ರಲ್ಲಿಗೂ ನಡುವೆ 232 ವೋಲ್ಟು. ಫೇಸಿಗೂ ಮೂರನೇ ತೂತಿಗೂ ನಡುವೆ 90ರ ಸುಮಾರು, ಅದೂ ನಿಲ್ಲದೆ ಏರಿಳಿಯುತ್ತಿತ್ತು. ಆಮೇಲೆ ಹೋಲ್ಡರಿಗೆ ಹಾಕಿದ 100 ವ್ಯಾಟಿನ ಹಳೆಯ ಬಲ್ಬನ್ನು ಅದೇ ಎರಡರ ನಡುವೆ ಕೊಟ್ಟರು. ತಂತಿ ಕೆಂಪಾಗಲೂ ಇಲ್ಲ. ಎಲ್ಲಿಗೂ ಸೇರದ ತಂತಿಯಲ್ಲೂ ಮೀಟರು ಹೀಗೆ ಸುಳ್ಳು ವೋಲ್ಟು ತೋರಿಸುತ್ತದಂತೆ, ಬಲ್ಬು ಸುಳ್ಳು ಹೇಳುವುದಿಲ್ಲ. (ಇದನ್ನು ಓದಿ ನೀವು ಮನೆಯಲ್ಲಿ ಬಲ್ಬು ಹಿಡಿದು ಹೊರಡಬೇಡಿ. ಕರೆಂಟು ಇರುವಾಗ ಮಾಡುವ ಪರೀಕ್ಷೆ ಅದು, ಅನುಭವವಿದ್ದವರದು.) ಸಾಕೆಟ್ಟು ಬಿಚ್ಚಿದಾಗ ಕಂಡದ್ದು: ಮೂರನೇ ಪಿನ್ನಿಗೆ ಹಸಿರು ತಂತಿ ಇತ್ತು, ಸರಿಯಾಗಿಯೇ ಬಿಗಿದಿತ್ತು. ಗೇಣುದ್ದ ಹೋಗಿ ಪೆಟ್ಟಿಗೆಯೊಳಗೇ ಮುಗಿದಿತ್ತು.

ಅಲ್ಲಿಂದ ಕಾಕಾ ಕೆಳಗಿಳಿದು ಮೀಟರ್ ಕೋಣೆಗೆ ಹೋದರು. ನೆಲದಿಂದ ಮೇಲೆ ಬರಬೇಕಾದ ಜಿಐ ತಂತಿ ಕ್ಲ್ಯಾಂಪಿನ ಹತ್ತಿರ ತುಕ್ಕು ಹಿಡಿದು ಪುಡಿಯಾಗಿತ್ತು. ಮಳೆಗಾಲದಲ್ಲಿ ನೀರು ನುಗ್ಗುವ ಕೋಣೆ ಅದು. ಅಂದರೆ ನಮ್ಮೊಂದೇ ಮನೆಯಲ್ಲ, ಹದಿನಾರೂ ಮನೆಗಳ ಫ್ರಿಜ್ಜು, ಗೀಸರು, ವಾಷಿಂಗ್ ಮಶೀನುಗಳಿಗೆ ನೆಲದ ನಂಟೇ ಇರಲಿಲ್ಲ.

ಸೊಸೈಟಿಯ ಸಭೆ ಹೇಗೆ ನಡೆಯಿತು ಎಂಬುದನ್ನು ಬರೆಯುವುದಿಲ್ಲ. ಸೊಸೈಟಿಯಲ್ಲಿ ಇರುವವರಿಗೆಲ್ಲ ಅದು ಗೊತ್ತು. “ನಿಮ್ಮ ಓವನ್ನಿಗೆ ನಾವೇಕೆ ಹಣ ಕೊಡಬೇಕು” ಎಂಬಲ್ಲಿಂದ ಶುರುವಾದದ್ದು, ಎರಡನೇ ಮಾಳಿಗೆಯ ಹೆಂಗಸೊಬ್ಬರು “ನಮ್ಮ ವಾಷಿಂಗ್ ಮಶೀನು ಮುಟ್ಟಿದರೆ ಜುಮ್ಮೆನ್ನುತ್ತದೆ, ಅದಕ್ಕೇನಾ?” ಎಂದು ಕೇಳಿದಾಗ ನಿಂತಿತು. ಕಟ್ಟಡದ ಹಿಂದೆ ಹೊಸ ಗುಂಡಿ ತೋಡಿ, ಇದ್ದಿಲು-ಉಪ್ಪಿನ ನಡುವೆ ಪೈಪು ಇಳಿಸಿ, ಅಲ್ಲಿಂದ ಮೀಟರ್ ಕೋಣೆಗೂ, ಒಪ್ಪಿದ ಮನೆಗಳಿಗೂ ಹೊಸ ಅರ್ಥ್ ತಂತಿ ಎಳೆಯುವುದೆಂದು ತೀರ್ಮಾನವಾಯಿತು. ಮೂರು ಮನೆಯವರು ಒಪ್ಪಲಿಲ್ಲ. ಬಣ್ಣ ಹೊಸದಾಗಿ ಹೊಡೆಸಿದ್ದಾರಂತೆ.

ನಮ್ಮ ಮನೆಯೊಳಗೆ ಕಾಕಾ ಮಾಡಿದ್ದು ಇಷ್ಟು. ಮೇನ್ ಬೋರ್ಡಿನಿಂದ ಓವನ್ನಿಗೆಂದೇ ಬೇರೆ ಲೈನ್. ಅಂಗಡಿಯವರು ನಾಲ್ಕರ ವೈರ್ ಅನ್ನುತ್ತಾರಲ್ಲ, 4 ಚದರ ಮಿಲಿಮೀಟರಿನ ತಾಮ್ರದ ತಂತಿ, ಫೇಸಿಗೂ ನ್ಯೂಟ್ರಲ್ಲಿಗೂ ಅರ್ಥಿಗೂ. ಎರಡೂವರೆಯದು ನಡೆಯುತ್ತಿತ್ತು. ಆದರೆ ಗೋಡೆ ಎರಡು ಸಲ ಒಡೆಯುವುದಿಲ್ಲವಲ್ಲ ಎಂದರು. ಅದರ ಮೇಲೆ 16 ಆಂಪಿಯರಿನ ಎಂಸಿಬಿ. ನಾನು “32ರದ್ದು ಹಾಕಿದರೆ ಪದೇಪದೇ ಬೀಳುವುದಿಲ್ಲ ಅನ್ನುತ್ತಾರಲ್ಲ” ಎಂದು ಕೇಳಿದೆ. “ಬೀಳಲಿಕ್ಕೇ ಅದನ್ನು ಹಾಕುವುದು” ಎಂದರು. 16 ಆಂಪಿಯರಿನ ಸಾಕೆಟ್ಟಿನ ಹಿಂದೆ 32ರ ಎಂಸಿಬಿ ಇದ್ದರೆ ಮೊದಲು ಸುಡುವುದು ಸಾಕೆಟ್ಟು.

ಎಂಸಿಬಿ ಕಾಯುವುದು ತಂತಿಯನ್ನು, ಮನುಷ್ಯರನ್ನಲ್ಲ. ಇದು ಬಹಳ ಜನರಿಗೆ ತಿಳಿದಿಲ್ಲ. ಮನುಷ್ಯನ ಎದೆಯ ಮೂಲಕ ಹಾದು ಕೊಲ್ಲಲು ಒಂದು ಆಂಪಿಯರಿನ ಹತ್ತರಲ್ಲೊಂದು ಭಾಗಕ್ಕಿಂತ ಕಡಿಮೆ ಸಾಕು. 16 ಆಂಪಿಯರಿನ ಎಂಸಿಬಿಗೆ ಅದು ಗೊತ್ತೇ ಆಗುವುದಿಲ್ಲ. ಅದಕ್ಕೆ ಬೇಕಾದದ್ದು ಆರ್‌ಸಿಸಿಬಿ. ಫೇಸಿನಿಂದ ಹೋದಷ್ಟೇ ಕರೆಂಟು ನ್ಯೂಟ್ರಲ್ಲಿನಲ್ಲಿ ಹಿಂದೆ ಬಂತೇ ಎಂದು ಅದು ಸದಾ ತಾಳೆ ನೋಡುತ್ತಿರುತ್ತದೆ. ನನ್ನಂಥ ಬ್ಯಾಂಕಿನವನಿಗೆ ಇದು ಬೇಗ ಅರ್ಥವಾಯಿತು, ದಿನದ ಕೊನೆಗೆ ಜಮಾ-ಖರ್ಚು ಹೊಂದಿಸುವ ಹಾಗೆ. 30 ಮಿಲಿ ಆಂಪಿಯರಿನಷ್ಟು ವ್ಯತ್ಯಾಸ ಬಂದರೆ, ಅಂದರೆ ಅಷ್ಟು ಕರೆಂಟು ಬೇರೆಲ್ಲೋ ಸೋರುತ್ತಿದೆ ಎಂದಾದರೆ, ಕಣ್ಣು ಮಿಟುಕಿಸುವಷ್ಟರಲ್ಲಿ ಲೈನ್ ಕಡಿಯುತ್ತದೆ. ಅದರ ಮೇಲೆ ‘ಟಿ’ ಎಂದು ಬರೆದ ಒಂದು ಸಣ್ಣ ಗುಂಡಿ ಇರುತ್ತದೆ. ಆಗಾಗ ಒತ್ತಿ ನೋಡಬೇಕು. ಒತ್ತಿದಾಗ ಬೀಳದಿದ್ದರೆ ಅದು ಸತ್ತಿದೆ.

ಬಡಗಿಗೂ ಕಾಕಾರಿಗೂ ಒಂದು ದಿನ ಜಗಳವಾಯಿತು. ಬಡಗಿ ಸಾಕೆಟ್ಟಿನ ಜಾಗವನ್ನು ಓವನ್ನಿನ ಬೆನ್ನ ಹಿಂದೆಯೇ ಬಿಟ್ಟಿದ್ದ, ಕಣ್ಣಿಗೆ ಕಾಣದ ಹಾಗೆ, ಚಂದಕ್ಕೆ. ಓವನ್ ಒಳಗೆ ಹೋದ ಮೇಲೆ ಏನಾದರೂ ಹೊಗೆ ಬಂದರೆ ಪ್ಲಗ್ ಕೀಳಲು ಸುಮಾರು ಮೂವತ್ತೈದು ಕಿಲೋದ ಆ ಪೆಟ್ಟಿಗೆಯನ್ನೇ ಎಳೆಯಬೇಕು. ಅಲ್ಲದೆ ಅಲ್ಲಿ ಬಿಸಿ. ಕೊನೆಗೆ ಸಾಕೆಟ್ಟು ಪಕ್ಕದ ಕಪಾಟಿಗೆ ಹೋಯಿತು, ಫೇಸು ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಕಡಿಯುವ ಡಿಪಿ ಸ್ವಿಚ್ಚು ಕಟ್ಟೆಯ ಮೇಲ್ಗಡೆ ಕೈಗೆಟುಕುವಲ್ಲಿ, ಸಿಂಕಿನಿಂದ ದೂರ ಬಂತು. ಕಪಾಟಿನ ಹಿಂದಿನ ಹಲಗೆಯನ್ನೂ ತೆಗೆಸಿದರು. ಗಾಳಿಯಾಡಲು ಎಷ್ಟು ಸಂದು ಬಿಡಬೇಕೆಂದು ಓವನ್ನಿನ ಪುಸ್ತಿಕೆಯಲ್ಲಿ ಚಿತ್ರ ಸಮೇತ ಬರೆದಿರುತ್ತದೆ. ಆ ಪುಟವನ್ನು ಬಡಗಿಗೆ ಮೊದಲೇ ಕೊಟ್ಟರೆ ಜಗಳ ಉಳಿಯುತ್ತದೆ.

ಓವನ್ ಕೂರಿಸಲು ಕಂಪನಿಯಿಂದ ಬಂದ ಹುಡುಗ ಚುರುಕಾಗಿದ್ದ. ಕೇಬಲ್ಲಿನ ತುದಿಯಲ್ಲಿ ಪ್ಲಗ್ಗಿರಲಿಲ್ಲ, ಮೂರು ಬರಿ ತಂತಿಗಳು: ಕಂದು, ನೀಲಿ, ಹಳದಿ ಪಟ್ಟೆಯ ಹಸಿರು. ಕೆಲವು ಓವನ್ನುಗಳಿಗೆ ಯೂರೋಪಿನ ಎರಡು ಪಿನ್ನಿನ ದುಂಡು ಪ್ಲಗ್ಗು ಬರುತ್ತದೆ. ಅದರ ಅರ್ಥ್ ಇರುವುದು ಪಕ್ಕದ ಪಟ್ಟಿಯಲ್ಲಿ, ನಮ್ಮ ಸಾಕೆಟ್ಟಿಗೆ ಹೇಗೋ ತುರುಕಿದರೆ ಓವನ್ ನಡೆಯುತ್ತದೆ, ಅರ್ಥ್ ಮಾತ್ರ ಸಿಗುವುದಿಲ್ಲ. ಬಣ್ಣದಲ್ಲೂ ಒಂದು ಬಲೆಯಿದೆ. ಓವನ್ನಿನ ಕೇಬಲ್ಲಿನಲ್ಲಿ ನೀಲಿ ಎಂದರೆ ನ್ಯೂಟ್ರಲ್. ನಮ್ಮ ಕಟ್ಟಡಗಳ ವೈರಿಂಗಿನಲ್ಲಿ ಕೆಂಪು, ಹಳದಿ, ನೀಲಿ ಮೂರೂ ಫೇಸು, ನ್ಯೂಟ್ರಲ್ ಕಪ್ಪು. ನಮ್ಮ ಮನೆಗೆ ಬಂದದ್ದು ನೀಲಿ ಫೇಸು. ಬಣ್ಣಕ್ಕೆ ಬಣ್ಣ ಹೊಂದಿಸಿ ಜೋಡಿಸಿದ್ದರೆ ಓವನ್ ನಡೆಯುತ್ತಿತ್ತು, ಆದರೆ ಒಳಗಿನ ಸ್ವಿಚ್ಚು ಆಫ್ ಮಾಡಿದ ಮೇಲೂ ಎಲಿಮೆಂಟಿನಲ್ಲಿ ಕರೆಂಟು ಉಳಿಯಬಹುದಿತ್ತು. ಕಾಕಾ ನಿಂತು ತಾವೇ ಮೂರು ಪಿನ್ನಿನ 16 ಆಂಪಿಯರ್ ಪ್ಲಗ್ಗು ಜೋಡಿಸಿದರು.

ಜುಲೈ ತಿಂಗಳ ಮಧ್ಯ, ಹೊರಗೆ ಜಡಿಮಳೆ. ಹೊಸ ಓವನ್ನನ್ನು ಮೊದಲ ಸಲ ಖಾಲಿಯೇ ಕಾಯಿಸಬೇಕು, ಒಳಗಿನ ಎಣ್ಣೆ ಪಸೆ ಸುಟ್ಟು ಹೋಗಲು. ಕಿಟಕಿ ತೆರೆದಿಟ್ಟು ಶುರುಮಾಡಿದೆವು. ಹತ್ತು ನಿಮಿಷಕ್ಕೆ ಟಕ್ ಎಂದು ಆರ್‌ಸಿಸಿಬಿ ಬಿತ್ತು. ಎತ್ತಿದರೆ ಮತ್ತೆ ಬಿತ್ತು. ಮಗಳ ಮುಖ ಬಾಡಿತು, ಶನಿವಾರಕ್ಕೆ ಮೂರು ಕೇಕಿನ ಆರ್ಡರಿತ್ತು. ಕಂಪನಿಯ ಹುಡುಗನಿಗೆ ಫೋನ್ ಮಾಡಿದರೆ ಉತ್ತರ ಸಿದ್ಧವಾಗಿತ್ತು: “ಪ್ಲಗ್ಗಿನಿಂದ ಅರ್ಥ್ ವೈರ್ ತೆಗೆದುಬಿಡಿ ಅಂಕಲ್, ಬೀಳುವುದಿಲ್ಲ. ಎಲ್ಲ ಕಡೆ ಹಾಗೇ ಮಾಡುತ್ತೇವೆ.”

ಅವನು ಹೇಳಿದ್ದು ಸುಳ್ಳಲ್ಲ. ತೆಗೆದಿದ್ದರೆ ಬೀಳುತ್ತಿರಲಿಲ್ಲ, ಶನಿವಾರದ ಕೇಕುಗಳು ಚೆನ್ನಾಗಿಯೇ ಬೇಯುತ್ತಿದ್ದವು. ಕಾಕಾ ಬಂದು ಪ್ಲಗ್ಗು ಕಿತ್ತು, ಎಲಿಮೆಂಟಿಗೂ ಓವನ್ನಿನ ಮೈಗೂ ನಡುವಿನ ರೋಧ ಅಳೆದರು. ಮೆಗಾ ಓಮ್‌ಗಳಲ್ಲಿ, ಅಂದರೆ ಹತ್ತು ಲಕ್ಷದ ಲೆಕ್ಕದಲ್ಲಿ ಬರಬೇಕಾದದ್ದು. ಕೆಳಗಿನ ಎಲಿಮೆಂಟಿನಲ್ಲಿ ಹತ್ತು ಸಾವಿರವೂ ಬರಲಿಲ್ಲ. ಎಲಿಮೆಂಟಿನ ಕೊಳವೆಯೊಳಗೆ ಕಾಯುವ ತಂತಿಯ ಸುತ್ತ ಮೆಗ್ನೀಶಿಯಮ್ ಆಕ್ಸೈಡಿನ ಬಿಳಿ ಪುಡಿ ತುಂಬಿರುತ್ತದೆ. ಒಣಗಿದ್ದಾಗ ಅದು ಕರೆಂಟನ್ನು ಬಿಡುವುದಿಲ್ಲ, ಆದರೆ ಗಾಳಿಯ ತೇವವನ್ನು ಹೀರುವ ಗುಣ ಅದಕ್ಕಿದೆ. ಗೋದಾಮಿನಲ್ಲಿ ಮಳೆಗಾಲ ಕಳೆದ ಓವನ್ನುಗಳಲ್ಲಿ ಇದು ಆಗುವುದೇ ಎಂದರು. ಲೆಕ್ಕ ಹಾಕಿದೆ: 230 ವೋಲ್ಟನ್ನು 8000 ಓಮಿನಿಂದ ಭಾಗಿಸಿದರೆ 29 ಮಿಲಿ ಆಂಪಿಯರ್. ಅರ್ಥ್ ತಂತಿ ಇದ್ದುದರಿಂದ ಅಷ್ಟೂ ನೆಲಕ್ಕೆ ಹೋಯಿತು, ಆರ್‌ಸಿಸಿಬಿ ಅದನ್ನು ಹಿಡಿಯಿತು. ತಂತಿ ತೆಗೆದಿದ್ದರೆ ಅದು ಓವನ್ನಿನ ಸ್ಟೀಲ್ ಹಿಡಿಕೆಯಲ್ಲೇ ಕಾಯುತ್ತಿತ್ತು, ಒದ್ದೆ ಕೈಯ, ಬರಿಗಾಲಿನ ಯಾರಾದರೂ ಬರುವ ತನಕ.

ಆಯಿ ಅಡುಗೆಮನೆಯ ಬಾಗಿಲಲ್ಲಿ ಕೂತು ಬಸಳೆ ಸೊಪ್ಪು ಬಿಡಿಸುತ್ತಿದ್ದಳು. ನಮ್ಮ ಮಾತು ಮರಾಠಿಯಲ್ಲಿ ನಡೆದಿತ್ತು, ಅವಳಿಗೆ ಅರ್ಥವಾಗಿರಲಿಕ್ಕಿಲ್ಲ.

ಕಂಪನಿಗೆ ಬರೆದು ತಿಳಿಸಿದೆ, ಅಳತೆಯ ಸಮೇತ. ಹನ್ನೊಂದು ದಿನದ ಮೇಲೆ ಬೇರೆ ತಂತ್ರಜ್ಞರೊಬ್ಬರು ಬಂದು ಗ್ಯಾರಂಟಿಯಲ್ಲೇ ಎಲಿಮೆಂಟ್ ಬದಲಿಸಿದರು. ಮತ್ತೆ ಅಳೆದಾಗ ಮೀಟರಿನ ಮುಳ್ಳು ಬಲಗಡೆ ಹೋಗಿ ನಿಂತಿತು. ಶನಿವಾರದ ಮೂರು ಕೇಕುಗಳನ್ನು ಮಗಳು ಹಳೆಯ ಓವನ್ನಿನಲ್ಲಿ ಒಂದರ ಹಿಂದೊಂದು ರಾತ್ರಿ ಒಂದು ಗಂಟೆಯವರೆಗೆ ಬೇಯಿಸಿದ್ದಳು. ನನ್ನೊಂದಿಗೆ ಎರಡು ದಿನ ಸರಿಯಾಗಿ ಮಾತಾಡಿರಲಿಲ್ಲ. ಈಗ ಆರ್‌ಸಿಸಿಬಿಯ ಗುಂಡಿಯನ್ನು ತಿಂಗಳ ಮೊದಲ ಭಾನುವಾರ ಅವಳೇ ಒತ್ತುತ್ತಾಳೆ.

ಇನ್ನು ಉಳಿದದ್ದು ಮಹಾವಿತರಣಕ್ಕೆ ಅರ್ಜಿ. ನಮಗೆ ಮಂಜೂರಾಗಿದ್ದ ಲೋಡು 3 ಕಿಲೋವ್ಯಾಟ್. ಎಸಿ, ಗೀಸರು, ಓವನ್ ಮೂರೇ ಒಟ್ಟಿಗೆ ನಡೆದರೆ ಆರು ದಾಟುತ್ತದೆ. ಕಾಕಾ ಪರೀಕ್ಷಾ ವರದಿಗೆ ಸಹಿ ಹಾಕಿಕೊಟ್ಟರು, ಲೋಡು ಏರಿತು. ಒಟ್ಟು ಖರ್ಚು ಓವನ್ನಿನ ಬೆಲೆಯ ಮೂರನೇ ಒಂದು ಭಾಗದಷ್ಟಾಯಿತು. ಓವನ್ ಕೊಳ್ಳುವವರು ಇದನ್ನು ಸೇರಿಸಿಯೇ ಬೆಲೆ ಲೆಕ್ಕ ಹಾಕುವುದು ಒಳ್ಳೆಯದು. ಅಂಗಡಿಯವರು ಹೇಳುವುದಿಲ್ಲ.

ಸೊಸೈಟಿಯಲ್ಲಿ ಒಪ್ಪದ ಮೂರು ಮನೆಗಳಲ್ಲಿ ಒಂದು ದೀಪಾವಳಿಯ ಹೊತ್ತಿಗೆ ಒಪ್ಪಿತು. ಹಿಂದಿನ ಗುಂಡಿಗೆ ಸಿಮೆಂಟಿನ ಮುಚ್ಚಳ ಮಾಡಿಸಿದ್ದಾರೆ. ಬೇಸಿಗೆಯಲ್ಲಿ ಮಣ್ಣು ಒಣಗಿದರೆ ಅರ್ಥಿಂಗ್ ದುರ್ಬಲವಾಗುತ್ತದೆಂದು ಮಾರ್ಚಿನಿಂದ ಮೇ ತನಕ ವಾರಕ್ಕೆರಡು ಬಾಲ್ದಿ ನೀರು ಹಾಕುವ ಪಾಳಿಯನ್ನು ನೋಟೀಸು ಬೋರ್ಡಿಗೆ ಹಚ್ಚಿದ್ದಾರೆ. ಏಪ್ರಿಲ್ ನಮ್ಮ ಮನೆಯದು.